ಕರುಳಿನ ಗೋಡೆಯ ಕೆಂಪು

ಅಥವಾ ಸ್ಕ್ರೀನಿನ ಮೇಲೆ ಆ ಕೆಂಪು ನನಗೆ ಕಂಡದ್ದು ಎರಡನೆಯ ಸಲ ನೋಡುವಾಗಲೋ ಏನೋ. ಬೆಳಿಗ್ಗೆ ಕಂಡಿತು, ಮಧ್ಯಾಹ್ನ ಕಾಣಲಿಲ್ಲ ಎಂದೇ ಇಲ್ಲಿಯವರೆಗೆ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಅದೇ ನಿಜವಾಗಿದೆ. ಆದರೆ ನೆನಪು ಇಷ್ಟು ಸಾಲಾಗಿ ಬಂದು ನಿಂತರೆ ನನಗೆ ಅನುಮಾನ. ಹಾವೇರಿಯ ಒಂದು ಆಸ್ಪತ್ರೆ, ಕೂಸುಗಳ ವಾರ್ಡು, ಬೆಚ್ಚನೆಯ ಗಾಜಿನ ಪೆಟ್ಟಿಗೆ, ಅದರೊಳಗೆ ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಕೂಸು. ಇಷ್ಟು ಖಚಿತ. ಉಳಿದದ್ದರಲ್ಲಿ ಕೆಲವನ್ನು ಬೇರೆ ಕೂಸುಗಳಿಂದ ಕಡ ತಂದಿರಬಹುದು.

ನಾನು ರಾಣೆಬೆನ್ನೂರಿನಲ್ಲಿ ಮನೆ ಮಾಡಿಕೊಂಡು, ಬೆಳಿಗ್ಗೆ ಹಾವೇರಿಯಲ್ಲಿ, ಊಟದ ನಂತರ ಬ್ಯಾಡಗಿಯಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತೇನೆ. ದಿನವೆಲ್ಲ ಬಸುರಿಯರ ಹೊಟ್ಟೆ, ಕಿಡ್ನಿಯ ಕಲ್ಲು. ಸಂಜೆ ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಬೂದು ಬಣ್ಣ ಕದಲುತ್ತಿರುತ್ತದೆ.

ಅಂದು ಮಕ್ಕಳ ಡಾಕ್ಟರು ನನ್ನ ಬಾಗಿಲಿಗೇ ಬಂದರು. ನನಗಿಂತ ಹಿರಿಯರು. "ಎಕ್ಸ್-ರೇ ಏನೂ ಬಾಯಿ ಬಿಡವಲ್ದು. ನಿಮ್ಮ ಸ್ಕ್ಯಾನಿಂಗ್ ಡಬ್ಬಿ ದಬ್ಬಿಕೊಂಡು ಬರ್ರಿ," ಎಂದರು.

ಹಾಲು ಶುರು ಮಾಡಿದ ಮೇಲೆ ಕೂಸಿನ ಹೊಟ್ಟೆ ಉಬ್ಬಿತ್ತು. ಮೂಗಿನ ನಳಿಕೆಯಲ್ಲಿ ಹಸಿರು ಬರುತ್ತಿತ್ತು, ಮಲದಲ್ಲಿ ರಕ್ತ. ದಿನ ತುಂಬದೆ ಹುಟ್ಟಿದ ಕೂಸುಗಳ ಕರುಳಿಗೆ ಹೀಗೆ ಒಮ್ಮೊಮ್ಮೆ ಬಾವು ಬರುತ್ತದೆ, ಕೆಲವು ಸಲ ಕರುಳು ಕೊಳೆಯುತ್ತದೆ. ಡಾಕ್ಟರಿಗೆ ಬೇಕಾಗಿದ್ದ ಉತ್ತರ ಒಂದೇ: ಕರುಳಿನ ಗೋಡೆಯಲ್ಲಿ ರಕ್ತ ಓಡುತ್ತಿದೆಯೇ? ಓಡುತ್ತಿದ್ದರೆ ಹಾಲು ನಿಲ್ಲಿಸಿ, ಔಷಧಿ ಕೊಟ್ಟು ಇಲ್ಲೇ ಕಾಯಬಹುದು. ಇಲ್ಲವಾದರೆ ಹುಬ್ಬಳ್ಳಿಯ ಸರ್ಜನ್ ಹತ್ತಿರ ಕಳಿಸಬೇಕು. ಅಂಗೈಯಷ್ಟು ಜೀವವನ್ನು ಸುಮ್ಮನೆ ಹೆದ್ದಾರಿಗೆ ಹತ್ತಿಸುವಂತಿಲ್ಲ. ದಾರಿಯೇ ಕೊಲ್ಲಬಹುದು.

ಜೆಲ್ಲಿನ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿದೆ. ಹೊಟ್ಟೆಯ ಮೇಲೆ ಆಡಿಸುವ ಪ್ರೋಬನ್ನು ಚರ್ಮಕ್ಕೆ ತಾಗಿಯೂ ತಾಗದ ಹಾಗೆ ಹಿಡಿದೆ. ಕರುಳಿನ ಗೋಡೆ ದಪ್ಪವಾಗಿತ್ತು. ಅದರೊಳಗೆ ಬಿಳಿ ಚುಕ್ಕೆಗಳು. ಅವು ಗಾಳಿ, ಗಾಳಿ ಅಲ್ಲಿರಬಾರದು. ಬಣ್ಣದ ಗುಂಡಿ ಒತ್ತಿದೆ. ರಕ್ತ ಓಡುತ್ತಿದ್ದರೆ ಕೆಂಪೋ ನೀಲಿಯೋ ಮೂಡಬೇಕು. ಆದರೆ ಕೂಸು ಉಸಿರಾಡಿದರೂ ಸುಳ್ಳು ಬಣ್ಣ ಸಿಡಿಯುತ್ತದೆ, ನನ್ನ ಕೈ ನಡುಗಿದರೂ ಸಿಡಿಯುತ್ತದೆ.

ಪೆಟ್ಟಿಗೆಯ ಆ ಬದಿಗೆ ಕೂಸಿನ ತಾಯಿ ಮತ್ತು ಅವಳ ತಾಯಿ ನಿಂತಿದ್ದರು. ಮೋಟೆಬೆನ್ನೂರಿನವರು. ಕೂಸಿನ ತಾಯಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದವಳಂತೆ. ಮೊಗ್ಗು ಬಿಡಿಸಿ ಬೇರೆ ಹೂವಿನ ಪುಡಿ ಮುಟ್ಟಿಸುವ ಕೆಲಸ. ಅವಳು ಸ್ಕ್ರೀನಿನ ಕಡೆ ಬಗ್ಗಿದಳು. ನಾನು ಸ್ಕ್ರೀನನ್ನು ಆಚೆ ತಿರುಗಿಸಿದೆ. ಯೋಚಿಸಿ ಮಾಡಿದ್ದಲ್ಲ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಬಾಯಲ್ಲಿ ಹೇಳುವಂತಿಲ್ಲ, ಮುಖದಲ್ಲಿಯೂ ತೋರಿಸುವಂತಿಲ್ಲ. ಕಾನೂನಿನ ಬೋರ್ಡಿನ ಕೆಳಗೇ ಕೂತು ವರ್ಷಗಟ್ಟಲೆ ಕೆಲಸ ಮಾಡಿದ ಕೈ ಅದು. ಮುಖವೂ ಹಾಗೇ ಆಗಿದೆ.

ಅಜ್ಜಿ ಬಿಡಲಿಲ್ಲ. "ಅಲ್ರೀ ಮೇಡಮ್ಮಾರ, ಕೂಸು ಹುಟ್ಟೈತಿ. ಹೆಣ್ಣಂತ ಊರಿಗೆಲ್ಲಾ ಗೊತ್ತಾಗೈತಿ. ಇನ್ನೇನು ಮುಚ್ಚಿಡಾಕತ್ತೀರಿ?"

ನರ್ಸ್ ನಕ್ಕಳು. ನಾನೂ ನಕ್ಕೆ ಅನಿಸುತ್ತದೆ.

"ಯವ್ವಾ, ನೀ ಸುಮ್ನಿರು," ಎಂದು ಮಗಳು ನನ್ನ ಕಡೆ ತಿರುಗಿದಳು. "ನನ್ನ ಹಾಲಿಂದ ಹಿಂಗಾತೇನ್ರಿ?"

"ಇಲ್ಲವ್ವಾ. ಲಗೂ ಹುಟ್ಟೈತಿ, ಕರುಳು ಇನ್ನಾ ಬಲತಿಲ್ಲ."

"ಹಂಗಾರ ಹಾಲು ಯಾಕ ನಿಲ್ಲಿಸೀರಿ?" ಎಂದಳು ಅಜ್ಜಿ. "ಹಸದ ಹೊಟ್ಟಿ ಎಲ್ಲ್ಯಾರ ಉಬ್ಬತೈತೇನು?"

ಡಾಕ್ಟರು ಸಮಾಧಾನ ಹೇಳಲು ಹೋದರು. "ಒಡದ ಪೈಪಿಗೆ ನೀರು ಬಿಟ್ಟರ ಏನಾಕ್ಕೈತಬೇ? ಇದೂ ಹಂಗ."

"ನಮ್ಮ ಕೂಸು ಪೈಪೇನ್ರಿ?"

ಡಾಕ್ಟರು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಕರುಳಿನ ಗೋಡೆಯೊಳಗೆ ಕೆಂಪು ಮಿನುಗಿತು. ಒಮ್ಮೆ, ಸ್ವಲ್ಪ ತಡೆದು ಇನ್ನೊಮ್ಮೆ.

"ಐತಿ ಅನಸತೈತಿ," ಎಂದೆ.

"ಅನಸತೈತೋ, ಐತೋ?" ಎಂದರು ಡಾಕ್ಟರು.

"ಐತಿ."

ಇಲ್ಲೇ ಕಾಯೋಣ ಎಂದಾಯಿತು. ಆಗ ನಾನು ಸ್ಕ್ರೀನನ್ನು ತಾಯಿಯ ಕಡೆ ತಿರುಗಿಸಿ ಕೆಂಪನ್ನು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. "ಇಷ್ಟೇನ್ರಿ?" ಎಂದಳು. ಇಷ್ಟೇ ಎಂದೆ.

ಮಧ್ಯಾಹ್ನ ಬ್ಯಾಡಗಿಯಲ್ಲಿದ್ದಾಗ ಫೋನ್ ಬಂತು. ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ದಿನಗಳು, ಊರೆಲ್ಲ ಘಾಟು. ಮಲಗಿದ ಬಸುರಿ ಕೆಮ್ಮುತ್ತಿದ್ದಳು, ನಾನೂ ಕೆಮ್ಮುತ್ತಿದ್ದೆ. ಕೂಸಿನ ಹೊಟ್ಟೆ ಗಟ್ಟಿಯಾಗಿದೆ, ತಿರುಗಿ ಬರಬೇಕು ಎಂದರು ಡಾಕ್ಟರು. ಹೋಗುವ ದಾರಿ ನೆನಪಿಲ್ಲ. ಎಷ್ಟೋ ಸಲ ಹೋದ ದಾರಿ, ಅಂದಿನದನ್ನು ಬೇರೆ ಮಾಡಿ ತೆಗೆಯಲು ಆಗುವುದಿಲ್ಲ.

ವಾರ್ಡಿನ ಬಾಗಿಲಲ್ಲಿ ಕೂಸಿನ ಅಪ್ಪ ನಿಂತಿದ್ದ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವವನು. ಅಂಗಿಯ ಮೇಲಿನ ಘಾಟಿಗೆ ನರ್ಸ್ ಅವನನ್ನು ಒಳಗೆ ಬಿಟ್ಟಿರಲಿಲ್ಲ. ಅಂಗಿ ಬಿಚ್ಚಿ ಬನಿಯನ್ನಿನ ಮೇಲೆ ನಿಂತಿದ್ದ, ಆದರೂ ಬಿಟ್ಟಿರಲಿಲ್ಲ.

ಮತ್ತೆ ಪ್ರೋಬ್ ಇಟ್ಟೆ. ಬೆಳಿಗ್ಗೆ ದಪ್ಪವಾಗಿದ್ದ ಗೋಡೆ ಈಗ ಒಂದು ಕಡೆ ತೆಳ್ಳಗಾಗಿತ್ತು. ಸುತ್ತ ಕದಡಿದ ನೀರು ತುಂಬಿತ್ತು. ಆ ಕರುಳು ಅಲ್ಲಾಡಲಿಲ್ಲ. ಬಣ್ಣದ ಗುಂಡಿ ಒತ್ತಿ ಕಾದೆ. ಸ್ಕ್ರೀನು ತಾಯಿಯ ಕಡೆಗೇ ಇತ್ತು, ತಿರುಗಿಸಲು ಮರೆತಿದ್ದೆ.

"ಬೆಳಿಗ್ಗಿಂದು ಎಲ್ಲೈತ್ರಿ?" ಎಂದು ಕೇಳಿದಳು.

"ಕಾಣವಲ್ದವ್ವಾ."

ಡಾಕ್ಟರು ಆಗಲೇ ಹುಬ್ಬಳ್ಳಿಗೆ ಫೋನ್ ಹಚ್ಚಿದ್ದರು. ಆಂಬುಲೆನ್ಸ್ ಬಂದಾಗ ಅಪ್ಪ ಬನಿಯನ್ನಿನ ಮೇಲೆಯೇ ಹತ್ತಿದ. ಅವನ ಅಂಗಿಯನ್ನು ಅಜ್ಜಿ ಬಗಲಲ್ಲಿ ಇಟ್ಟುಕೊಂಡಿದ್ದಳು, ಅಥವಾ ಅದನ್ನು ನಾನು ಆಮೇಲೆ ಸೇರಿಸಿರಬಹುದು.

ಕೆಲವು ದಿನಗಳ ಮೇಲೆ ನರ್ಸ್ ಬಂದು, ಆ ಕೂಸಿನ ಕರುಳು ಕತ್ತರಿಸಿ ಜೋಡಿಸಿದರಂತೆ, ಹಾಲು ಕುಡಿಯುತ್ತಿದೆಯಂತೆ ಎಂದಳು. ನಾನು ಅದನ್ನು ಡಾಕ್ಟರಿಗೆ ಹೇಳಿದೆ. "ಅದು ಕುಪ್ಪೇಲೂರಿನ ಕೂಸು. ಇದರದು ನನಗೇನೂ ಸುದ್ದಿ ಬಂದಿಲ್ಲ," ಎಂದರು ಅವರು. ನರ್ಸ್ ಮಾತ್ರ ತನ್ನ ಮಾತು ಬಿಡಲಿಲ್ಲ. ಹುಬ್ಬಳ್ಳಿಗೆ ಫೋನ್ ಮಾಡಿದೆ. ಒಬ್ಬರು ಇನ್ನೊಬ್ಬರನ್ನು ಕೇಳಿ ಎಂದರು, ಅವರು ರಜೆಯಲ್ಲಿದ್ದರು. ಹೊರಗೆ ಬಸುರಿಯರು ಸಾಲಾಗಿ ಕೂತಿದ್ದರು. ಮುಂದಿನವರನ್ನು ಒಳಗೆ ಕರೆದೆ.

ಆ ಕೂಸು ಬದುಕಿತೋ ಇಲ್ಲವೋ ನನಗೆ ಗೊತ್ತಿಲ್ಲ.