ಸಾಕವ್ವ ಬೆನ್ನುಹತ್ತಿದ ಸಿನಿಮಾ

ಟೆಂಟಿನಲ್ಲಿ ಕುಳಿತವರೆಲ್ಲ ಹೊಟ್ಟೆ ಹಿಡಿದು ನಗುವ ಹೊತ್ತಿಗೆ ಸಾಕವ್ವ ಒಬ್ಬಳೇ ದಡಕ್ಕನೆ ಎದ್ದು ನಿಲ್ಲುತ್ತಿದ್ದಳು. ಹಿಂದಿನವರು "ಕುಂತ್ಕಳಮ್ಮೋ, ಕಾಣಾಕಿಲ್ಲ" ಎಂದು ಕೂಗಿದರೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಪರದೆಯನ್ನೇ ನೋಡುತ್ತಿದ್ದಳು.

ಕಟ್ಟೆಮಳಲವಾಡಿಯಲ್ಲಿ ಅವಳದು ನಮ್ಮ ಪಕ್ಕದ ಮನೆ. ಗಂಡ ಸತ್ತ ಮೇಲೆ ಕಂಡವರ ಹೊಲದಲ್ಲಿ ಹೊಗೆಸೊಪ್ಪು ಮುರಿದು ಮಗ ಚೆಲುವನನ್ನು ಬೆಳೆಸಿದ್ದಳು. ಮಾತು ಒರಟು, ಕೈ ಧಾರಾಳ. ನನ್ನನ್ನು ಕಂಡರೆ "ಏನಮ್ಮಿ, ಉಂಡ್ಯಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಟ್ಟೆಗೆ ಮುದ್ದೆ ಹಾಕುವಳು.

ಒಂದು ಬೇಸಗೆಯಲ್ಲಿ ಊರ ಅಣೆಕಟ್ಟೆಯ ಹತ್ತಿರ ಸಿನಿಮಾದವರು ಬಂದರು. ನಾಯಕ ನಾಯಕಿ ಕಿತ್ತಾಡುತ್ತಲೇ ಒಲಿಯುವ ತಮಾಷೆ ಚಿತ್ರ. ಅವತ್ತು ಚೆಲುವ ಹುಲ್ಲಿನ ಹೊರೆ ಹೊತ್ತು ಕಾಲುವೆ ಏರಿಯ ಮೇಲೆ ನೋಡುತ್ತ ನಿಂತುಬಿಟ್ಟನಂತೆ. ಸಂಜೆ ಬಂದವನು, "ಓಡಿಸ್ಬುಟ್ರು ಕಣವ್ವ. ಹೊರೆ ಇಳ್ಸಿ, ಸುತ್ಕಂಡು ಬಂದು ಮತ್ತೆ ನಿಂತ್ಕಂಡೆ" ಎಂದು ನಕ್ಕ. "ಹಸ ಬಡ್ಕತಾ ಅದೆ, ಇವ್ನಿಗೆ ಸಿನಿಮಾ!" ಎಂದು ಸಾಕವ್ವ ಬೈದದ್ದು ನಮ್ಮ ಜಗಲಿಗೂ ಕೇಳಿತು.

ಚಿತ್ರ ತೆರೆಗೆ ಬರುವ ಮೊದಲೇ ಚೆಲುವ ಕಾಮಾಲೆಯಿಂದ ತೀರಿಕೊಂಡ. ಮೀಸೆ ಆಗಷ್ಟೇ ಮೂಡುತ್ತಿತ್ತು. ಅವನದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ.

ಹುಣಸೂರಿನ ಟೆಂಟಿಗೆ ಆ ಚಿತ್ರ ಬಂದಾಗ, "ನಮ್ಮೂರು ಕಾಣ್ತದಂತೆ, ಬಾ" ಎಂದು ನಾನೇ ಅವಳನ್ನು ಕರೆದೊಯ್ದೆ. ಚಿತ್ರದ ತುಂಬ ತಪ್ಪುಗಳು. ಕಾಲುವೆಗೆ ಬಿದ್ದ ನಾಯಕ ಎದ್ದಾಗ ಅಂಗಿ ಗರಿಗರಿಯಾಗಿ ಒಣಗಿತ್ತು. ನಾಯಕಿಯ ಜಡೆಯ ಮಲ್ಲಿಗೆ ಒಂದೇ ಜಗಳದೊಳಗೆ ಕನಕಾಂಬರವಾಯಿತು. ಜನ ಕೇಕೆ ಹಾಕಿದರು. ಆಮೇಲೆ, ನಾಯಕಿಯ ಬೆನ್ನ ಹಿಂದೆ, ಏರಿಯ ಮೇಲೆ, ಹುಲ್ಲು ಹೊತ್ತ ಚೆಲುವ! ನಮ್ಮ ಕಡೆಗೇ ನೋಡಿ ನಗುತ್ತಿದ್ದ. ನಾಯಕಿ ತಿರುಗಿದಳು, ಏರಿ ಖಾಲಿ. ನಾಯಕ ಕೈಮುಗಿದ, ಚೆಲುವ ಮತ್ತೆ ಅಲ್ಲೇ ಇದ್ದ, ತಲೆಯ ಮೇಲೆ ಹೊರೆಯಿಲ್ಲ. "ಹುಲ್ಲ ಯಾರ್ಲಾ ಮೇಯ್ದೋರು!" ಎಂದು ಯಾರೋ ಕೂಗಿದರು. ಟೆಂಟಿಗೆ ಟೆಂಟೇ ನಕ್ಕಿತು. ಸಾಕವ್ವನ ಉಗುರು ನನ್ನ ತೋಳಿಗೆ ಇಳಿದಿತ್ತು. "ಅವ್ನೇ... ಅವ್ನೇ ಕಣಮ್ಮಿ."

ಅಲ್ಲಿಂದ ಅವಳು ಆ ಚಿತ್ರದ ಬೆನ್ನುಹತ್ತಿದಳು. ಅದು ಪಿರಿಯಾಪಟ್ಟಣಕ್ಕೆ ಹೋದರೆ ಅಲ್ಲಿಗೆ, ಕೆ.ಆರ್. ನಗರಕ್ಕೆ ಹೋದರೆ ಅಲ್ಲಿಗೆ. ಕೂಲಿ ಬಿಟ್ಟಳು, ಹಸು ಮಾರಿದಳು. ಸಾಧ್ಯವಾದಾಗಲೆಲ್ಲ ನಾನೂ ಜೊತೆಗೆ ಹೋಗುತ್ತಿದ್ದೆ. ಕೆ.ಆರ್. ನಗರದಲ್ಲಿ ಅವಳು ಯಂತ್ರ ಓಡಿಸುವವನ ಕಾಲು ಹಿಡಿದಳು. "ನನ್ ಮಗ ಬಂದಾಗ ವಸಿ ನಿಲ್ಸಪ್ಪ. ಕಣ್ತುಂಬ ನೋಡ್ಕತೀನಿ."

"ನಿಲ್ಸುದ್ರೆ ದೀಪದ ಕಾವ್ಗೆ ರೀಲು ಸುಟ್ಟೋಯ್ತದೆ ಕಣವ್ವ" ಎಂದು ಅವನು ಕಾಲು ಬಿಡಿಸಿಕೊಂಡ.

ಎಚ್.ಡಿ. ಕೋಟೆಗೆ ಬರುವಷ್ಟರಲ್ಲಿ ರೀಲು ಸವೆದು ಚಿತ್ರದ ತುಂಬ ಮಳೆ ಸುರಿದಂತೆ ಗೀರು. ಚೆಲುವ ಕಾಣುವ ಆ ಜಗಳ ಶುರುವಾಯಿತು. ಪರದೆಯ ಮೇಲಿನ ಚಿತ್ರ ಒಮ್ಮೆ ಎಗರಿ, ನೇರ ಮುಂದಿನ ಹಾಡಿಗೆ ಹೋಯಿತು. ಯಾರೂ ನಗಲಿಲ್ಲ. ಸಾಕವ್ವ ಕುಳಿತವರನ್ನು ತುಳಿದುಕೊಂಡೇ ಯಂತ್ರದ ಕೋಣೆಗೆ ನುಗ್ಗಿದಳು.

"ನನ್ ಮಗ ಎಲ್ಲಿ?"

"ರೀಲು ಕಿತ್ತೋಗಿತ್ತು. ಹಾಳಾದ್ದ ಕತ್ತರ್ಸಿ ಅಂಟ್ಸವ್ರೆ. ಎಲ್ಲಿ ಕತ್ತರ್ಸುದ್ರೋ ನಂಗೊತ್ತಿಲ್ಲ ಕಣವ್ವ" ಎಂದ ಅಲ್ಲಿದ್ದವನು.

ಬೆಳಗಾದ ಮೇಲೆ ಅವಳು ಟೆಂಟಿನ ಹಿಂದಿನ ಕಸದಲ್ಲಿ ಕೂತು, ರೀಲಿನ ಚೂರುಗಳನ್ನು ಹೆಕ್ಕಿ ಒಂದೊಂದನ್ನೇ ಬಿಸಿಲಿಗೆ ಹಿಡಿದಳು. ಯಾವುದೋ ಕುದುರೆ, ಯಾರದೋ ಮದುವೆ. ಸೆರಗಿನಲ್ಲಿ ಒರೆಸಿ ಮತ್ತೆ ಹಿಡಿಯುವಳು. ಬಿಸಿಲು ನೆತ್ತಿಗೇರಿದರೂ ಏಳಲಿಲ್ಲ. ಕೊನೆಗೆ ನಾನೇ ರಟ್ಟೆ ಹಿಡಿದು ಎಬ್ಬಿಸಿದೆ.

ಮುಂದಿನ ಮಳೆಗಾಲಕ್ಕೆ ಸಾಕವ್ವ ಬದುಕಿರಲಿಲ್ಲ. ಎಚ್.ಡಿ. ಕೋಟೆಯಿಂದ ಹುಣಸೂರಿಗೆ ಬಸ್ಸಿನಲ್ಲಿ ಬಂದದ್ದೇ ನಾವು ಜೊತೆಯಲ್ಲಿ ಮಾಡಿದ ಕೊನೆಯ ಪ್ರಯಾಣ. ದಾರಿಯಲ್ಲಿ ಅವಳು ತಟ್ಟನೆ ಕೇಳಿದಳು: "ಅಮ್ಮಿ, ಚೆಲುವನ ಮಚ್ಚೆ ಎಡಗೆನ್ನೇಲಿತ್ತೋ, ಬಲಗೆನ್ನೇಲೋ?"

ನಾನು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. "ಬಲಗೆನ್ನೇಲಿ" ಎಂದುಬಿಟ್ಟೆ.

ಅವಳು ನನ್ನ ಮುಖವನ್ನೇ ನೋಡಿದಳು. "ನಿಂಗೂ ಗೊತ್ತಿಲ್ಲ, ಬುಡು" ಎಂದು ಕಿಟಕಿಯ ಕಡೆ ತಿರುಗಿದಳು.