ತಂತಿ ಅಳಿಸಿದ ಕೆರೆ

ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ವಾಟ್ಸಾಪಿನಲ್ಲಿ ಆಹ್ವಾನ ಪತ್ರಿಕೆ ಬಂತು. ಮೇಷ್ಟ್ರ ಛಾಯಾಚಿತ್ರಗಳ ಪ್ರದರ್ಶನ, ಇಂದಿರಾನಗರದ ಒಂದು ಗ್ಯಾಲರಿಯಲ್ಲಿ, ಮುಂದಿನ ಶನಿವಾರದಿಂದ. ಕಳಿಸಿದವರು ಅವರ ಮಗಳು. ಪತ್ರಿಕೆಯ ತುಂಬ ಒಂದೇ ಚಿತ್ರ: ಚಳಿಗಾಲದ ಬೆಳಗಿನ ಕಗ್ಗದಾಸಪುರ ಕೆರೆ, ದಡದಲ್ಲಿ ಬಟ್ಟೆ ಒಗೆಯುವ ಕಲ್ಲುಗಳು, ಅವುಗಳಾಚೆ ಮಂಜಿನಲ್ಲಿ ಎಲ್ಲಿ ಮುಗಿಯುತ್ತದೆಂದು ಗೊತ್ತಾಗದ ನೀರು. ಆಕಾಶ ಇರಬೇಕಾದ ಜಾಗದಲ್ಲಿ ದಪ್ಪ ಇಂಗ್ಲಿಷ್ ಅಕ್ಷರಗಳು ಕೂತಿದ್ದವು. ಕೆಳಗೆ ಮೇಷ್ಟ್ರ ಹೆಸರು.

ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಹೆಂಡತಿಗೆ ಹೇಳಿದೆ, "ಇದು ನಾನು ತೆಗ್ದಿದ್ದು."

"ಏನಂದ್ರಿ? ಉಗ್ದು ಬಂದು ಮಾತಾಡ್ರಿ."

ಉಗಿದು ಬಾಯಿ ತೊಳೆದುಕೊಂಡು ಬರುವಷ್ಟರಲ್ಲಿ ನನಗೇ ಅನುಮಾನ ಶುರುವಾಗಿತ್ತು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ವಾರವೆಲ್ಲ ಸರ್ಕಾರಿ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಕೆಲಸ, ಭಾನುವಾರ ಕ್ಯಾಮೆರಾ. ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ ಮನೆ. ಮನೆಯಲ್ಲಿ ತಮಿಳು, ನಮ್ಮ ಜೊತೆ ಕಂಟೋನ್ಮೆಂಟಿನ ಕನ್ನಡ. ನಿಸರ್ಗದ ಚಿತ್ರ ತೆಗೆಯುವವರೆಲ್ಲ ಬೆಟ್ಟ, ಜಲಪಾತ ಅಂತ ಊರು ಬಿಟ್ಟು ಓಡುತ್ತಿದ್ದ ಕಾಲದಲ್ಲಿ ಅವರು ಬಸ್ ಪಾಸ್ ನಡೆಯುವಷ್ಟು ದೂರ ಮಾತ್ರ ಹೋದರು. ಕೆ.ಆರ್. ಪುರದ ಹಳಿಯ ಪಕ್ಕದ ಒಂದು ಹೊಂಡವನ್ನು ತೆಗೆದಿದ್ದರು. ಎಮ್ಮೆಗಳು ಆಗತಾನೆ ಎದ್ದು ಹೋಗಿವೆ, ಒಂದೂ ಕಾಣುವುದಿಲ್ಲ, ನೀರು ಮಾತ್ರ ಇನ್ನೂ ಕದಡಿಕೊಂಡಿದೆ. ಅಷ್ಟೇ ಚಿತ್ರ. ನಾನು ಆಗ ಎಂ.ಎ. ಓದುತ್ತಿದ್ದೆ. ಆ ಹೊಂಡದ ಪಕ್ಕ ದಿನಾ ಹಾದುಹೋಗುತ್ತಿದ್ದವನು, ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಚಿತ್ರ ನೋಡಿದ ಮರುದಿನ ಒಂದು ಸ್ಟಾಪ್ ಮೊದಲೇ ಬಸ್ಸಿಳಿದು ಹೊಂಡದ ಹತ್ತಿರ ನಿಂತೆ. ಆ ವಾರವೇ ಅವರ ಮನೆಯ ಬಾಗಿಲು ತಟ್ಟಿದೆ.

ಅವರು ಕಲಿಸುತ್ತಿದ್ದ ಕ್ರಮವೇ ಇಷ್ಟೆಲ್ಲ ರಗಳೆಗೆ ಮೂಲ. ಅವರ ಹತ್ತಿರ ಒಂದೇ ಕ್ಯಾಮೆರಾ, ಒಂದೇ ಟ್ರೈಪಾಡ್. ಜಾಗ ಹುಡುಕಿ, ಟ್ರೈಪಾಡ್ ನೆಟ್ಟು, ಕಾದು ಕಾದು ಒಂದೇ ಒಂದು ಸಲ ಗುಂಡಿ ಒತ್ತುವರು. ಆಮೇಲೆ "ಈಗ ನಿಂದು" ಎಂದು ಪಕ್ಕಕ್ಕೆ ಸರಿದು ಬೆನ್ನು ತಿರುಗಿಸಿ ನಿಂತುಬಿಡುವರು. ಅದೇ ಫಿಲ್ಮಿನಲ್ಲಿ ಶಿಷ್ಯ ಒಂದು ಸಲ ಒತ್ತಬಹುದು. ಯಾಕೆ ಆ ಕಡೆ ತಿರುಗುತ್ತೀರಿ ಎಂದು ಕೇಳಿದ್ದಕ್ಕೆ, "ನಾನ್ ನೋಡ್ತಾ ನಿಂತ್ರೆ ನೀನು ನನ್ಗೋಸ್ಕರ ತೆಗೀತೀಯ" ಎಂದಿದ್ದರು. ಪ್ರಿಂಟ್ ಹಾಕಿದಾಗ ಯಾವುದರ ಮೇಲೂ ಹೆಸರು ಬರೆಯುತ್ತಿರಲಿಲ್ಲ. ಹಾಗಾಗಿ ಅವರ ಪೆಟ್ಟಿಗೆಯಲ್ಲಿ ಅವರ ಚಿತ್ರಗಳೂ ನಮ್ಮ ಚಿತ್ರಗಳೂ ಒಂದೇ ಮನೆಯ ಮಕ್ಕಳ ಬಟ್ಟೆಯಂತೆ ಕಲೆತುಹೋಗಿವೆ.

ಕಗ್ಗದಾಸಪುರದ ಆ ಬೆಳಗ್ಗೆ ಮೂವತ್ತು ವರ್ಷಗಳ ಹಿಂದಿನದು. ಕೆರೆಯ ಮೇಲೆ ಅಡ್ಡಲಾಗಿ ಜೋತುಬಿದ್ದ ಒಂದು ಕರೆಂಟಿನ ತಂತಿ, ಅದಕ್ಕೆ ಸಿಕ್ಕಿಕೊಂಡ ಹರಿದ ಗಾಳಿಪಟ. ಮೇಷ್ಟ್ರು ಕ್ಯಾಮೆರಾ ಹೊಂದಿಸುತ್ತಿದ್ದಾಗ ನಾನು ಬಾಯಿ ಹಾಕಿದೆ.

"ಸರ್, ತಂತಿ ಬರ್ತಿದೆ."

"ಬರ್ಲಿ."

"ಸ್ವಲ್ಪ ಕೆಳಗಿಳಿಸಿದ್ರೆ ಹೋಗುತ್ತೆ."

"ಹೋದ್ರೆ ಈ ಕೆರೆ ಯಾವೂರ್ದಪ್ಪಾ? ನೀರು ಎಲ್ಲಾ ಊರಲ್ಲೂ ಐತೆ. ಈ ತಂತಿ, ಈ ಪಟ ಇಲ್ಲಿ ಮಾತ್ರ."

ನನ್ನ ಸರದಿ ಬಂದಾಗ ನಾನೂ ತಂತಿ ಬಿಟ್ಟೆ. ಗುಂಡಿ ಒತ್ತುವಾಗ ಗಾಳಿಪಟದ ಬಾಲ ಒಮ್ಮೆ ಅಲುಗಿದ್ದು ನನಗೆ ನೆನಪಿದೆ. ನೆನಪಿದೆ ಎಂದು ಬರೆಯುವಾಗಲೂ ಕೈ ತಡೆಯುತ್ತದೆ. ಯಾಕೆಂದರೆ ಎರಡರಲ್ಲಿ ಒಂದು ಪ್ರಿಂಟು ಮೇಷ್ಟ್ರ ಮನೆಯ ಗೋಡೆಯ ಮೇಲೆ ವರ್ಷಗಟ್ಟಲೆ ತೂಗುತ್ತಿತ್ತು. ಅದರಲ್ಲಿ ಬಾಲ ಅಲುಗಿ ಮಸುಕಾಗಿತ್ತು. ನಾನು ಕಂಡದ್ದು ಕೆರೆಯ ದಡದಲ್ಲೋ ಗೋಡೆಯ ಮೇಲೋ? ಅಲ್ಲಿಗೆ ಹೋದಾಗೆಲ್ಲ ಅದರ ಕೆಳಗೇ ಕೂತು ಕಾಫಿ ಕುಡಿದಿದ್ದೇನೆ. ಇದು ನಿಂದು ಎಂದು ಅವರು ಹೇಳಲಿಲ್ಲ. ಯಾರದು ಎಂದು ನಾನು ಕೇಳಲಿಲ್ಲ. ಅವರು ನಂದು ಎಂದುಬಿಟ್ಟರೆ ಎಂಬ ಭಯ. ನನ್ನದು ಅಂತ ಒಂದು ಒಳ್ಳೆಯ ಚಿತ್ರ ಈ ಲೋಕದಲ್ಲಿ ಇದ್ದರೆ ಅದು ಅದೊಂದೇ. ಈಗ ಕೇಳೋಣವೆಂದರೆ ಅವರು ತೀರಿಕೊಂಡಿದ್ದಾರೆ. ನನ್ನ ಡೈರಿಯಲ್ಲಿ ಆ ದಿನದ ಬಗ್ಗೆ ಇರುವುದು ಇಷ್ಟು: "ಕೆರೆಗೆ ಹೋಗಿದ್ದೆವು. ವಿಪರೀತ ಚಳಿ. ಬರುವಾಗ ಬಸ್ ಸಿಗಲಿಲ್ಲ." ಬದುಕಿಡೀ ಡೈರಿ ಬರೆದು ಬಂದ ಭಾಗ್ಯ ಇದು.

ಚಿತ್ರ ಯಾರದಾದರೂ ಇರಲಿ, ಆ ಮನುಷ್ಯ ನನ್ನನ್ನು ಕೆಡಿಸಿದ್ದಂತೂ ನಿಜ. ಫೋನಿನಲ್ಲಿ ಎಷ್ಟು ಫೋಟೋ ಬೇಕಾದರೂ ತೆಗೆಯಬಹುದಾದ ಈ ಕಾಲದಲ್ಲಿ ನನ್ನ ಬೆರಳು ಒಂದು ಸಲ ಒತ್ತಿ ನಿಂತುಬಿಡುತ್ತದೆ. ಅದರಲ್ಲಿ ಯಾರೋ ಒಬ್ಬರು ಕಣ್ಣು ಮುಚ್ಚಿರುತ್ತಾರೆ. ಹೆಂಡತಿಯ ತಂಗಿಯ ಮಗಳ ನಿಶ್ಚಿತಾರ್ಥದ ಫೋಟೋದಲ್ಲಿ ಜೋಡಿಯ ನಡುವೆ ಸ್ವಿಚ್ ಬೋರ್ಡು, ಪಕ್ಕದಲ್ಲಿ ನೀರಿನ ಫಿಲ್ಟರು. "ಯಾರ ಮನೆ ಅಂತ ಗೊತ್ತಾಗ್ಬೇಕಲ್ಲ" ಎಂದೆ. "ಗೊತ್ತಾಯ್ತು ಬಿಡಿ, ಫಿಲ್ಟರ್ ಯಾವ ಕಂಪನೀದು ಅಂತಾನೂ ಗೊತ್ತಾಯ್ತು" ಎಂದಳು ನಾದಿನಿ. ಅಂದಿನಿಂದ ಸಮಾರಂಭಗಳಲ್ಲಿ ನನ್ನ ಕೈಗೆ ಯಾರೂ ಫೋನ್ ಕೊಡುವುದಿಲ್ಲ.

ಅನುಮಾನ ತಡೆಯಲಾರದೆ ಗೆಳೆಯನ ಹತ್ತಿರ ಹೋದೆ. ಅವನೂ ಮೇಷ್ಟ್ರ ಶಿಷ್ಯ. ಈಗ ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ ಬಟ್ಟೆ ಅಂಗಡಿ. ಆಹ್ವಾನ ಪತ್ರಿಕೆ ತೋರಿಸಿ ವಿಷಯ ಹೇಳಿದೆ. ನೆಗೆಟಿವ್ ಬಗ್ಗೆ ಮೇಷ್ಟ್ರ ಮಗಳನ್ನು ಫೋನಿನಲ್ಲಿ ವಿಚಾರಿಸಿದ್ದೆ. ಒಂದರ ಪಕ್ಕ ಒಂದು ಎರಡು ಇವೆ, ಮನೆಯ ಗೋಡೆಯ ಮೇಲಿದ್ದದ್ದೂ ಈಗ ಪತ್ರಿಕೆಗೆ ಹಾಕಿದ್ದೂ ಎರಡನೆಯದು ಎಂದಿದ್ದಳು.

"ಎರಡ್ನೇದು ಅಂದ್ರೆ ನಂದು. ಮೊದ್ಲು ಅವ್ರು ತೆಗ್ದು ಆಮೇಲೆ ತಾನೇ ನಮ್ಗೆ ಕೊಡ್ತಿದ್ದಿದ್ದು?"

ಗೆಳೆಯ ಸೀರೆ ಮಡಚುತ್ತಲೇ ತಲೆಯಾಡಿಸಿದ. "ಅರೆ ಹೋಗ್ ಯಾರ್. ಮೊದ್ಲು ನಮ್ಗೇ ಬಿಡ್ತಿದ್ರು. ಫಸ್ಟು ನೀವ್ ಕೆಡ್ಸಿ, ಆಮೇಲೆ ನಾನ್ ನೋಡ್ತೀನಿ ಅಂತ."

"ಸುಳ್ಳು. 'ಈಗ ನಿಂದು' ಅಂತಿದ್ರಲ್ಲೋ."

"ನಿನ್ಗೆ ಹಂಗಂದಿರ್ಬೋದು ಮಗಾ. ನೀನು ಓದಿದೋನು, ಹೆದ್ರುಪುಕ್ಲ. ಆದ್ರೆ ಅವತ್ತಿನ್ ಫೋಟೋ ನಿಂದೇ ಅಂತ ಹೆಂಗೆ ಹೇಳ್ತೀಯ? ನಂದೂ ಇರ್ಬೋದಲ್ಲ."

"ನಿಂದಾ? ನೀನೆಲ್ಲಿದ್ದೆ ಅವತ್ತು?"

"ಓಹೋ! ಫ್ಲಾಸ್ಕಲ್ಲಿ ಚಾಯ್ ತಂದಿದ್ದು ಯಾರು, ನಿಮ್ಮಪ್ಪಾನಾ?"

ನನಗೆ ತಲೆ ಚಿಟ್ಟುಹಿಡಿಯಿತು. ಚಹಾ ಕುಡಿದದ್ದು ನಿಜ. ಫ್ಲಾಸ್ಕಿನ ನೀಲಿ ಬಣ್ಣ ಕೂಡ ಕಣ್ಣ ಮುಂದಿದೆ. ಅದನ್ನು ಹಿಡಿದ ಕೈ ಮಾತ್ರ ನನ್ನ ನೆನಪಿನಲ್ಲಿ ಇಲ್ಲ. ಒಬ್ಬ ಇಡೀ ಮನುಷ್ಯನನ್ನು, ಅದೂ ಇಷ್ಟು ದಪ್ಪ ಮನುಷ್ಯನನ್ನು, ಅಳಿಸಿಹಾಕಿರುವ ನೆನಪು ಗಾಳಿಪಟದ ಬಾಲದ ವಿಷಯದಲ್ಲಿ ನಂಬಿಕಸ್ತ ಹೇಗಾದೀತು? ಸಿಟ್ಟಿನಲ್ಲಿ ಎದ್ದು ಬಂದೆ. "ಚಾಯ್ ಆದ್ರೂ ಕುಡ್ದ್ ಹೋಗೋ, ಈ ಸಲ ನೆನಪಿಟ್ಕೋ" ಎಂದು ಹಿಂದಿನಿಂದ ಕೂಗಿದ.

ಆದರೂ ಪ್ರದರ್ಶನಕ್ಕೆ ಎರಡು ದಿನ ಮೊದಲು, ಚಿತ್ರಗಳನ್ನು ಗೋಡೆಗೆ ಹಾಕುವ ಹೊತ್ತಿಗೆ, ಮಗಳೊಡನೆ ಮಾತಾಡಿಯೇ ಬಿಡೋಣವೆಂದು ಹೊರಟೆ. ಆಟೋದಲ್ಲಿ ಕೂತು ವಾಕ್ಯ ಸಿದ್ಧಮಾಡಿಕೊಂಡೆ: "ನೋಡಮ್ಮ, ನನ್ಗೆ ಹೆಸ್ರು ಬೇಕಂತಲ್ಲ, ಆದ್ರೆ ಇದು ನಂದಿರ್ಬೋದು ಅನ್ಸುತ್ತೆ." ಕಗ್ಗದಾಸಪುರದ ರೈಲ್ವೆ ಗೇಟ್ ಬಿತ್ತು. ರೈಲು ಬರುವಷ್ಟರಲ್ಲಿ "ಇರ್ಬೋದು" ಹೋಗಿ "ನಂದೇ" ಆಯಿತು. ಗೇಟ್ ಎದ್ದು ನೂರಡಿ ರಸ್ತೆ ಸೇರುವ ಹೊತ್ತಿಗೆ ಮತ್ತೆ "ಇರ್ಬೋದು" ವಾಪಸ್ ಬಂದಿತ್ತು.

ಗ್ಯಾಲರಿ ಎಂದರೆ ಯಾರದೋ ಹಳೆಯ ಬಂಗಲೆ. ನಡುಮನೆಯಲ್ಲಿ ಚಿತ್ರಗಳು, ಕಾರ್ ಶೆಡ್ಡಿನಲ್ಲಿ ಕಾಫಿ. ಎದುರು ಗೋಡೆಯ ಮೇಲೆ, ಬಾಗಿಲಷ್ಟು ದೊಡ್ಡದಾಗಿ, ಕೆರೆ. ಹತ್ತಿರ ಹೋದೆ. ಏನೋ ಸರಿಯಿಲ್ಲ. ಕಲ್ಲುಗಳಿವೆ, ಮಂಜಿದೆ, ನೀರಿದೆ. ಮೇಲೆ ನೋಡಿದರೆ ಬರೀ ಬೆಳ್ಳಗಿನ ಆಕಾಶ. ತಂತಿ ಇಲ್ಲ, ಗಾಳಿಪಟವೂ ಇಲ್ಲ. ಅಂದು ಆಹ್ವಾನ ಪತ್ರಿಕೆಯಲ್ಲಿ ಆ ಜಾಗವನ್ನು ಅಕ್ಷರಗಳು ಮುಚ್ಚಿದ್ದರಿಂದ ನನಗೆ ಗೊತ್ತಾಗಿರಲಿಲ್ಲ.

"ತಂತಿ ಎಲ್ಲಿ?" ಎಂದೆ. ದನಿ ನನ್ನದೇ ಎನಿಸದಷ್ಟು ಜೋರಾಗಿತ್ತು.

ಪ್ರದರ್ಶನದ ಉಸ್ತುವಾರಿ ವಹಿಸಿದ್ದ ಯುವಕ ಬಂದ. ಬಹಳ ಮರ್ಯಾದೆಯ ಹುಡುಗ, ಅದರಿಂದ ಸಿಟ್ಟು ಇನ್ನೂ ಏರಿತು. "ಕ್ಲೀನ್ ಮಾಡಿದೀವಿ ಸರ್. ತುಂಬಾ ಡಿಸ್ಟರ್ಬ್ ಮಾಡ್ತಿತ್ತು ಅದು. ಈಗ ನೋಡಿ, ಯಾವ ಕಾಲದ್ದು, ಎಲ್ಲಿದು ಅಂತಾನೇ ಗೊತ್ತಾಗಲ್ಲ. ಎಲ್ರಿಗೂ ಇಷ್ಟ ಆಗಿದೆ."

"ಗೊತ್ತಾಗ್ಬೇಕು ಕಣ್ರೀ! ಅದಕ್ಕೇ ಅದು ಅಲ್ಲಿರೋದು!"

ಕಾಫಿ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಒಳಕೋಣೆಯಿಂದ ಮಗಳು ಬಂದಳು. ಕೆರೆ ಯಾವೂರದು ಎಂದು ಅವಳ ಅಪ್ಪ ಕೇಳಿದ್ದನ್ನು ನಾನು ಒಂದೇ ಉಸಿರಿಗೆ ಹೇಳಿದೆ. ಅವಳು ಚಿತ್ರವನ್ನೂ ನನ್ನನ್ನೂ ನೋಡಿದಳು.

"ಅಣ್ಣಾ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಈ ಪೆಟ್ಟಿಗೇಲಿ ಎಲ್ಲಾ ನಂದೇ ಅಲ್ಲ ಅಂತ ಅಪ್ಪ ಒಂದ್ಸಲ ಅಂದಿದ್ರು. ಇದು ನಿಮ್ಮಲ್ಲಿ ಯಾರ್ದಾದ್ರೂ ಇದ್ರೆ ಇಲ್ಲಿ ಹಾಕೋದ್ ಸರಿಯಲ್ಲ, ಇಳಿಸ್ಬಿಡ್ತೀವಿ. ಅಪ್ಪಂದೇ ಆಗಿದ್ರೆ, ತಂತಿ ಬೇಕು ಅಂತ ಅವ್ರು ಹೇಳಿದ್ರೆ, ಬೇರೆ ಪ್ರಿಂಟ್ ಹಾಕಿಸ್ತೀನಿ. ನೀವು ಅವತ್ತು ಅಲ್ಲಿದ್ರಿ. ಇದು ಅಪ್ಪಂದೇನಾ?"

ಮೂವತ್ತು ವರ್ಷ ನಾನು ಯಾರನ್ನೂ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಯನ್ನು ನನಗೇ ಕೇಳಿದಳು. ನಂದು ಎಂದರೆ ಚಿತ್ರ ನನ್ನದಾಗುತ್ತದೆ, ಮತ್ತೆ ಪೆಟ್ಟಿಗೆಗೆ ಹೋಗುತ್ತದೆ. ಊರು ನೋಡುವುದು ತಂತಿಯಿಲ್ಲದ ಆಹ್ವಾನ ಪತ್ರಿಕೆಯನ್ನು ಮಾತ್ರ. ಗೊತ್ತಿಲ್ಲ ಎನ್ನುವುದೇ ಸತ್ಯ. ಆದರೆ ಗೊತ್ತಿಲ್ಲ ಎನ್ನುವವನ ಮಾತಿಗೆ ಆ ಮರ್ಯಾದೆಯ ಹುಡುಗ ತಂತಿ ವಾಪಸ್ ಹಾಕುವುದಿಲ್ಲ.

"ನಿಮ್ಮಪ್ಪಂದೇ" ಎಂದೆ.

"ಗ್ಯಾರಂಟಿನಾ?"

"ನಾನ್ ಪಕ್ಕದಲ್ಲೇ ನಿಂತಿದ್ನಲ್ಲಮ್ಮ. ಆ ತಂತಿ ಹಾಕ್ಸು."

ಶನಿವಾರ ತಂತಿ ವಾಪಸ್ ಬಂದಿತ್ತು, ಗಾಳಿಪಟವೂ. ಗೆಳೆಯ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದಿದ್ದ. ಚಿತ್ರದ ಮುಂದೆ ನಿಂತಿದ್ದ ಗಂಡಹೆಂಡಿರಿಗೆ, ಇದನ್ನು ತೆಗೆದ ದಿನ ಚಾಯ್ ತಂದವನು ತಾನೇ, ತಾನಿಲ್ಲದಿದ್ದರೆ ಮೇಷ್ಟ್ರ ಬೆರಳು ಚಳಿಗೆ ಮರಗಟ್ಟಿ ಈ ಚಿತ್ರವೇ ಇರುತ್ತಿರಲಿಲ್ಲ ಎಂದು ಗಟ್ಟಿಯಾಗಿ ವಿವರಿಸುತ್ತಿದ್ದ. ಅವರು ಅವನ ಜೊತೆ ಸೆಲ್ಫಿ ತೆಗೆಸಿಕೊಂಡರು. ಹೆಂಡತಿ ನನ್ನ ಕಿವಿಯಲ್ಲಿ, "ನಿಮ್ದು ಅಂದ್ರಲ್ಲ, ಯಾವ್ದ್ರೀ ಅದು?" ಎಂದಳು. "ಅಲ್ಲ ಅಂತ ಗೊತ್ತಾಯ್ತು" ಎಂದೆ.

ಇದಾಗಿ ಒಂದು ತಿಂಗಳ ಮೇಲಾಯಿತು. ಗಾಳಿಪಟದ ಬಾಲ ಅಲುಗಿದ ನೆನಪು ಹಾಗೇ ಇದೆ, ಆದರೆ ನಾನು ನಿಂತ ಜಾಗ ಬದಲಾಗಿದೆ. ಮೊದಲು ಆ ನೆನಪಿನಲ್ಲಿ ನಾನು ಟ್ರೈಪಾಡಿನ ಹಿಂದೆ ಬಗ್ಗಿರುತ್ತಿದ್ದೆ. ಈಗ ಪಕ್ಕದಲ್ಲಿದ್ದೇನೆ, ಮೇಷ್ಟ್ರು ಬಗ್ಗಿದ್ದಾರೆ, ಅವರ ಬೆರಳು ಗುಂಡಿಯ ಮೇಲಿದೆ. ನನ್ನ ಕೈಯಲ್ಲಿ ನೀಲಿ ಫ್ಲಾಸ್ಕಿನ ಮುಚ್ಚಳ, ಅದರ ತುಂಬ ಬಿಸಿ ಚಹಾ. ಒಂದೇ ಒಂದು ಮಾತು ಆಡಿದ್ದಕ್ಕೆ ಇಷ್ಟೆಲ್ಲ ತಾನೇ ಬಂದು ಜೋಡಿಸಿಕೊಂಡಿತು. ಹಳೆಯದನ್ನು ವಾಪಸ್ ತರಲು ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ ಅವರು ಕ್ಯಾಮೆರಾ ಬಿಟ್ಟು ಸರಿಯುವುದಿಲ್ಲ.