ಹುಳದ ಮನೆಯ ಬಾಗಿಲಲ್ಲಿ

ದೊಡ್ಡಆಲಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುವ ಜಯಮ್ಮ ಹುಳದ ಮನೆಯ ಬಾಗಿಲಲ್ಲೇ ನನ್ನನ್ನು ತಡೆದರು. ಹದಿನೈದು ವರ್ಷ ಪರದೇಶಗಳಲ್ಲಿ ಒಬ್ಬನೇ ಸಾಕ್ಷ್ಯಚಿತ್ರ ಮಾಡಿದವನು ನಾನು. ಬೇಡ ಅಂದವರನ್ನು ಒಪ್ಪಿಸುವುದು ಅಭ್ಯಾಸ. ಇಲ್ಲಿ ನಡೆಯಲಿಲ್ಲ.

“ಸೊಳ್ಳೆ ಕ್ರೀಮ್ ಬಳ್ಕಂಡಿದ್ದೀರಿ. ಆ ವಾಸ್ನೆಗೇ ಹುಳ ಸತ್ತೋಯ್ತವೆ. ಕ್ಯಾಮೆರಾ ಕೊಡಿ, ನಾನೇ ತೆಗ್ಕಂಡ್ ಬತ್ತೀನಿ.”

ಒದ್ದೆ ಬಟ್ಟೆಯಲ್ಲಿ ಕ್ಯಾಮೆರಾ ಒರೆಸಿಕೊಂಡು ಒಳಗೆ ಹೋದರು. ಹುಳಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದಷ್ಟೇ ನನ್ನ ಪಾಲಿಗೆ ಬಂತು.

ಆಮೇಲೆ ಜಗುಲಿಯಲ್ಲಿ ಕುಳಿತು ನೋಡಿದೆ. ಕೈ ನಡುಗದೆ, ಅವಸರವಿಲ್ಲದೆ ತೆಗೆದಿದ್ದರು. ಕೊನೆಯಲ್ಲಿ ಕ್ಯಾಮೆರಾ ಬಾಗಿಲ ಕಡೆ ತಿರುಗಿತ್ತು. ಸೊಳ್ಳೆ ಪರದೆಯಾಚೆ, ಬಿಸಿಲಲ್ಲಿ, ನರೆಗಡ್ಡದವನೊಬ್ಬ ಕತ್ತು ಚಾಚಿ ಒಳಗೆ ಇಣುಕುತ್ತಿದ್ದ.

“ನೀವು ನಿಂತಿದ್ದೂ ತೆಗ್ದಿವ್ನಿ. ಬ್ಯಾಡ್ದಿದ್ರೆ ಅಳಿಸಿ,” ಅಂದರು ಜಯಮ್ಮ.

ನಾನು ಹೊತ್ತು ತಿರುಗಿದ ಕ್ಯಾಮೆರಾದೊಳಗೆ ನಾನೇ ಕಾಣಿಸಿಕೊಂಡದ್ದು ಅದೇ ಮೊದಲು.